ಬೆರ್ಮನ್ ನುಡಿಸಿದ ಲಿಸ್ಟ್: 1959ರದ್ದೋ, 1963ರದ್ದೋ?

ಪ್ರಶ್ನೆ: ನನ್ನ ಮಗಳು ಪಿಯಾನೊ ಕಲಿಯುತ್ತಿದ್ದಾಳೆ. ಈಗ ಚೆರ್ನಿಯ ಪಾಠಗಳು ನಡೆಯುತ್ತಿವೆ. ಹಂಗೇರಿಯ ಸಂಗೀತಗಾರ ಫ್ರಾಂಜ್ ಲಿಸ್ಟ್ ಬರೆದ 'ಟ್ರಾನ್ಸೆಂಡೆಂಟಲ್ ಎಟ್ಯೂಡ್ಸ್' (ಎಟ್ಯೂಡ್ ಅಂದರೆ ಅಭ್ಯಾಸದ ಕೃತಿ) ಅನ್ನು ಸೋವಿಯತ್ ಪಿಯಾನೊ ವಾದಕ ಲಾಜರ್ ಬೆರ್ಮನ್ ನುಡಿಸಿದ್ದು ಕೇಳಿ ಅಂತ ಅವಳ ಮೇಷ್ಟ್ರು ಹೇಳಿದರು. ಹುಡುಕಿದಾಗ ಎರಡು ರೆಕಾರ್ಡಿಂಗ್ ಸಿಕ್ಕವು. ಒಂದು 1959ರದ್ದು, ಇನ್ನೊಂದು 1963ರದ್ದು. ಅರ್ಧ ಗಂಟೆ ಕೇಳಿದೆ. ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವಳು. ನನಗೆ ಇದು ಬರೀ ಬೆರಳಿನ ಕಸರತ್ತು, ಗದ್ದಲ ಅನ್ನಿಸಿತು. ಎರಡರಲ್ಲಿ ಯಾವುದನ್ನು ಕೇಳಬೇಕು? ಅದರಲ್ಲಿ ಏನನ್ನು ಕೇಳಬೇಕು?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. 1963ರದ್ದನ್ನು ಕೇಳಿ. ಆದರೆ ಮೊದಲನೇ ಕೃತಿಯಿಂದ ಶುರು ಮಾಡಬೇಡಿ. ಒಂಬತ್ತನೆಯದನ್ನು ಹಾಕಿ. ಅದರ ಹೆಸರು 'ರಿಕಾರ್ಡಾಂಜಾ'. ಅದಾದ ಮೇಲೆ ಹನ್ನೊಂದನೆಯದು, ಆಮೇಲೆ ಐದು, ಕೊನೆಗೆ ನಾಲ್ಕು. 1959ರ ವಿಚಾರಕ್ಕೆ ಆಮೇಲೆ ಬರೋಣ.

ಈ ಗುಚ್ಛದಲ್ಲಿ 12 ಕೃತಿಗಳಿವೆ. ಎಲ್ಲ ಸೇರಿ 65 ನಿಮಿಷದ ಆಸುಪಾಸು. ಅರ್ಧ ಗಂಟೆ ಕೇಳಿದ್ದೀರಿ ಅಂದರೆ ಒಂದರಿಂದ ಏಳರವರೆಗೆ ಬಂದಿರಬೇಕು. ಅಷ್ಟರಲ್ಲಿ ಕಿವಿಗೆ ಬಿಡುವು ಸಿಗುವುದು ಮೂರನೆಯ 'ಪೇಯಿಸಾಜ್' ಒಂದರಲ್ಲೇ. ಹಾಡಿನ ಗುಣ ಜಾಸ್ತಿ ಇರುವ ಎರಡು ದೊಡ್ಡ ಕೃತಿಗಳು ಇರುವುದು ಎರಡನೇ ಅರ್ಧದಲ್ಲಿ. ಅಲ್ಲಿಗೆ ಹೋಗುವ ಮುಂಚೆಯೇ ನೀವು ಎದ್ದುಬಿಟ್ಟಿದ್ದೀರಿ. ತಪ್ಪೇನಿಲ್ಲ, ತುಂಬ ಜನ ಅಲ್ಲೇ ಏಳುತ್ತಾರೆ.

ಇಷ್ಟೊಂದು ಸ್ವರ ಯಾಕೆ ಅನ್ನುವುದಕ್ಕೆ ಪಿಯಾನೊದ ಒಂದು ತೊಂದರೆ ಗೊತ್ತಿರಬೇಕು. ವೀಣೆಯಲ್ಲಿ ತಂತಿ ಎಳೆದು ಸ್ವರವನ್ನು ಬಾಗಿಸಬಹುದು. ಪಿಟೀಲಿನಲ್ಲಿ ಕಮಾನು ಎಳೆಯುವವರೆಗೆ ನಾದ ನಿಲ್ಲುತ್ತದೆ, ಬೇಕಾದರೆ ದೊಡ್ಡದೂ ಆಗುತ್ತದೆ. ಪಿಯಾನೊದಲ್ಲಿ ಎರಡೂ ಆಗುವುದಿಲ್ಲ. ಕೀ ಒತ್ತಿದರೆ ಒಳಗಿರುವ ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಬೀಳುತ್ತದೆ. ಅಲ್ಲಿಂದಲೇ ಸ್ವರ ಸಾಯಲು ಶುರು. ಎಷ್ಟು ರಭಸದಿಂದ ಒತ್ತಿದ, ಯಾವಾಗ ಕೈ ಬಿಟ್ಟ, ಪೆಡಲ್ ಯಾವಾಗ ತುಳಿದ, ನುಡಿಸುವವನ ಕೈಲಿ ಇರುವುದು ಇಷ್ಟೇ.

ಲಿಸ್ಟ್‌ಗೆ ಈ ವಾದ್ಯ ಹಾಡಬೇಕಿತ್ತು. ಬರೀ ಹಾಡಿದರೂ ಸಾಲದು, ಇಡೀ ವಾದ್ಯವೃಂದದಷ್ಟು ತುಂಬಿಕೊಂಡು ಕೇಳಬೇಕಿತ್ತು. ಅದಕ್ಕೆ ಅವನು ಕಂಡುಕೊಂಡ ದಾರಿ ಇದು. ಧಾಟಿಯ ಒಂದು ದೀರ್ಘ ಸ್ವರ ಇಟ್ಟ. ಅದು ಕ್ಷೀಣವಾಗುವ ಹೊತ್ತಿಗೆ ಅದರ ಸುತ್ತ ನೂರಾರು ಸಣ್ಣ ಸ್ವರಗಳನ್ನು ಓಡಿಸಿದ. ಪೆಡಲ್ ತುಳಿದಿದ್ದರೆ ಎಲ್ಲ ತಂತಿಗಳೂ ಬಿಡುವಾಗಿರುತ್ತವೆ, ಒಂದರ ಕಂಪನಕ್ಕೆ ಇನ್ನೊಂದು ಮಿಡಿಯುತ್ತದೆ. ಹಾಗಾಗಿ ಆ ದೀರ್ಘ ಸ್ವರ ಇನ್ನೂ ಬದುಕಿದೆ ಅಂತ ಕಿವಿ ನಂಬುತ್ತದೆ. ನಿಮಗೆ ಗದ್ದಲ ಅನ್ನಿಸಿದ್ದರಲ್ಲಿ ಬಹುಪಾಲು ಈ ಕಾವಲು ಸ್ವರಗಳೇ. ಅವುಗಳನ್ನು ಕೇಳಬೇಕಿಲ್ಲ. ಅವು ಯಾವುದನ್ನು ಕಾಯುತ್ತಿವೆ ಅಂತ ಹುಡುಕಿ.

ಕಾವಲು ಸ್ವರ ಒಂದು ಮಟ್ಟದಲ್ಲಿ, ಧಾಟಿ ಇನ್ನೊಂದು ಮಟ್ಟದಲ್ಲಿ, ಕೆಳಗಿನ ಮಂದ್ರ ಮೂರನೆಯ ಮಟ್ಟದಲ್ಲಿ. ಎರಡೇ ಕೈ, ಎಷ್ಟೋ ಸಲ ಒಂದೇ ಕೈಯ ಐದು ಬೆರಳು. ಅದರಲ್ಲೇ ಒಂದು ಬೆರಳು ಜೋರಾಗಿ, ಪಕ್ಕದ್ದು ಮೆತ್ತಗೆ ಒತ್ತಬೇಕು. ನನ್ನ ಲೆಕ್ಕದಲ್ಲಿ ಈ ಕೃತಿಗಳ ನಿಜವಾದ ಕಷ್ಟ ಇದು. ವೇಗವಾಗಿ ನುಡಿಸುವವರು ಇವತ್ತು ಬೇಕಾದಷ್ಟು ಜನ ಇದ್ದಾರೆ. ಅದೇ ವೇಗದಲ್ಲಿ ಮೂರು ಮಟ್ಟಗಳನ್ನು ಬೇರೆ ಬೇರೆಯಾಗಿ ಹಿಡಿದುಕೊಳ್ಳುವವರು ಕಡಿಮೆ. ಬೆರ್ಮನ್ ಆ ಕಡಿಮೆ ಜನರಲ್ಲಿ ಒಬ್ಬರು. ನಿಮ್ಮ ಮಗಳ ಮೇಷ್ಟ್ರು ಸುಮ್ನೆ ಈ ಹೆಸರು ಹೇಳಿಲ್ಲ.

ಚೆರ್ನಿಯ ಹೆಸರು ತೆಗೆದಿರಿ. ಈ 12 ಕೃತಿಗಳನ್ನು ಲಿಸ್ಟ್ ಅರ್ಪಿಸಿರುವುದು ಅದೇ ಚೆರ್ನಿಗೆ. ಕಾರ್ಲ್ ಚೆರ್ನಿ ಬೀಥೋವನ್ನನ ಶಿಷ್ಯ, ಲಿಸ್ಟ್‌ನ ಗುರು. ಹುಡುಗ ಲಿಸ್ಟ್ 1826ರಲ್ಲಿ ಒಂದು ಅಭ್ಯಾಸ ಪುಸ್ತಕ ಪ್ರಕಟಿಸಿದ. ಆಗಿನ್ನೂ ಅವನಿಗೆ 15 ತುಂಬುವ ವಯಸ್ಸು. ಮಗಳು ಈಗ ನುಡಿಸುವ ಪಾಠಗಳ ಜಾತಿಯದ್ದೇ, ಸ್ವಲ್ಪ ಕಷ್ಟ, ಅಷ್ಟೇ. 1837ರಲ್ಲಿ ಅದೇ ಎಳೆಗಳನ್ನು ಹಿಡಿದು ಭಯಂಕರವಾಗಿ ಹಿಗ್ಗಿಸಿ ಬರೆದ. ಅದನ್ನು ವಿಮರ್ಶೆ ಮಾಡಿದ ಜರ್ಮನ್ ಸಂಗೀತಗಾರ ಶುಮನ್, ಇದನ್ನು ನುಡಿಸಬಲ್ಲವರು ಪ್ರಪಂಚದಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ಜನ ಸಿಕ್ಕಾರು ಅಂದ. ಮೂರನೇ ಸಲ, 1852ರಲ್ಲಿ, ಲಿಸ್ಟ್ ಮತ್ತೆ ತಿದ್ದಿ ಹಗುರ ಮಾಡಿದ. ಕೈ ತೀರಾ ಅಗಲಿಸಬೇಕಾದ ಜಾಗಗಳನ್ನು ತೆಗೆದ. ಸುಮ್ಮನೆ ಒಟ್ಟಿದ್ದ ಸ್ವರಗಳನ್ನು ಇಳಿಸಿದ. ಈಗ ಎಲ್ಲರೂ ನುಡಿಸುವುದು ಈ ಮೂರನೆಯದನ್ನೇ. ಅಂದರೆ ನಿಮಗೆ ಗದ್ದಲ ಅನ್ನಿಸಿದ್ದು ಗದ್ದಲ ಇಳಿಸಿದ ರೂಪ!

ಈಗ ರಿಕಾರ್ಡಾಂಜಾ ಹಾಕಿ. ಮೊದಲೊಂದು ಪೀಠಿಕೆ ಇದೆ, ಅಲ್ಲಲ್ಲಿ ನಿಂತು ಯೋಚಿಸುತ್ತಾ ಸಾಗುತ್ತದೆ. ಆಮೇಲೆ ಧಾಟಿ ಶುರುವಾಗುತ್ತದೆ. ಪ್ರತಿ ಸಾಲಿನ ಕೊನೆಗೂ ಬಳ್ಳಿಬಳ್ಳಿಯಾಗಿ ಅಲಂಕಾರ ಸ್ವರಗಳು ಇಳಿಯುತ್ತವೆ. ಸಂಗತಿ ಕೇಳಿ ಬೆಳೆದ ಕಿವಿ ನಿಮ್ಮದು, ಇಲ್ಲಿ ದಾರಿ ತಪ್ಪುವುದಿಲ್ಲ. ಸಾಲು ಒಂದೇ, ಬರುಬರುತ್ತಾ ಬೆಳೆಯುತ್ತದೆ. ಬೆರ್ಮನ್ ಆ ಅಲಂಕಾರಗಳನ್ನು ಎಲ್ಲೂ ಆತುರದಲ್ಲಿ ಮುಗಿಸುವುದಿಲ್ಲ. ಓಡುವ ಸ್ವರಗಳು ಕೊನೆಗೆ ನಿಧಾನವಾಗಿ ಧಾಟಿಯ ಸ್ವರದ ಮೇಲೆ ಬಂದು ಕೂರುತ್ತವೆ. ಆ ಸ್ವರ ಹಿಂದಿನದಕ್ಕಿಂತ ಜೋರಾಗಿ ಎಗರಿ ಬೀಳುವುದಿಲ್ಲ. ಹಿಂದಿನ ಸ್ವರ ಎಷ್ಟು ಕ್ಷೀಣವಾಗಿತ್ತೋ ಆ ಮಟ್ಟದಲ್ಲೇ ಹಿಡಿದು ಮುಂದಕ್ಕೆ ಒಯ್ಯುತ್ತಾರೆ. ಪಿಯಾನೊದಲ್ಲಿ ಹಾಡುವುದು ಅಂದರೆ ಹೀಗೆ. ಬೆರ್ಮನ್ ಅಂದರೆ ಗುಡುಗು ಅನ್ನುವವರು ಈ ಹತ್ತು ನಿಮಿಷವನ್ನು ಕೇಳಿಲ್ಲ ಅನ್ನಿಸುತ್ತದೆ.

ಹನ್ನೊಂದನೆಯದು 'ಆರ್ಮೊನಿ ದು ಸ್ವಾರ್', ಸಂಜೆಯ ಸ್ವರಮೇಳ. ಶುರುವಿನಲ್ಲೇ ಮಂದ್ರದಲ್ಲಿ ದೂರದ ಗಂಟೆಯಂಥ ಸದ್ದು. ಮಧ್ಯದಲ್ಲಿ ಸರಳವಾದ ಒಂದು ಹಾಡು. ಅದೇ ಹಾಡು ಆಮೇಲೆ ಎರಡೂ ಕೈಗಳ ತುಂಬು ಕಾರ್ಡ್‌ಗಳಲ್ಲಿ (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು), ವಾದ್ಯ ತಡೆದುಕೊಳ್ಳುವಷ್ಟು ದೊಡ್ಡದಾಗಿ ವಾಪಸ್ ಬರುತ್ತದೆ. ಇಲ್ಲಿ ಹೆಚ್ಚಿನವರು ಬಡಿಯುತ್ತಾರೆ. ಬಡಿದರೆ ತಾರದ ಸ್ವರಗಳು ತಗಡಿನ ಸದ್ದು ಮಾಡುತ್ತವೆ. ಬೆರ್ಮನ್ನರದು ಭಾರಿ ಮೈಕಟ್ಟು. ಆ ಭಾರವನ್ನು ತೋಳಿನ ಮೂಲಕ ಇಳಿಸಿ ನುಡಿಸುತ್ತಾರೆ, ಮಣಿಕಟ್ಟಿನಿಂದ ಕುಟ್ಟುವುದಿಲ್ಲ. ನಾದ ದೊಡ್ಡದಾಗುತ್ತದೆ, ಗಡಸಾಗುವುದಿಲ್ಲ.

ಐದನೆಯದು 'ಫ್ಯೂ ಫೋಲೆ', ಕೊಳ್ಳಿದೆವ್ವಗಳು. ನಾಲ್ಕು ನಿಮಿಷದೊಳಗೆ ಮುಗಿಯುವ ಇದನ್ನು ಪಿಯಾನೊ ನುಡಿಸುವವರು ಎಲ್ಲಕ್ಕಿಂತ ಜಾಸ್ತಿ ಹೆದರಿಕೆಯಿಂದ ನೋಡುತ್ತಾರೆ. ಯಾಕೆ ಅಂತ ಮಗಳಿಂದಲೇ ತಿಳಿಯಬಹುದು. ಬಲಗೈಯಲ್ಲಿ ಒಂದು ಸಲಕ್ಕೆ ಎರಡು ಸ್ವರ ಒತ್ತಿ, ಆ ಜೋಡಿಗಳನ್ನು ಸಾಲಾಗಿ ಓಡಿಸು ಅನ್ನಿ. ನಾಲ್ಕು ಜೋಡಿಗೇ ಕೈ ಬಿಗಿಯಾಗುತ್ತದೆ. ಲಿಸ್ಟ್ ಇಂಥ ಜೋಡಿಗಳನ್ನು ಪುಟಗಟ್ಟಲೆ ಬರೆದಿದ್ದಾನೆ. ಅದೂ ತೀರಾ ಮೆತ್ತಗೆ, ಎಲ್ಲಿಯೂ ಎದ್ದು ಕೇಳದ ಹಾಗೆ ನುಡಿಸಬೇಕು. ಅಷ್ಟರಲ್ಲಿ ಎಡಗೈ ದೂರದೂರಕ್ಕೆ ಹಾರುತ್ತಿರುತ್ತದೆ. ಜೋರಾಗಿ ನುಡಿಸಿದರೆ ತಪ್ಪು ಮುಚ್ಚಿಕೊಳ್ಳುತ್ತದೆ. ಇಲ್ಲಿ ಆ ಆಸರೆಯೂ ಇಲ್ಲ.

ಇದೊಂದರಲ್ಲಿ ನನ್ನ ಮತ ಬೆರ್ಮನ್ನರಿಗಲ್ಲ. 1958ರ ಫೆಬ್ರವರಿಯಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಸೋವಿಯತ್ ಪಿಯಾನೊ ವಾದಕ ಸ್ವಿಯಾತೊಸ್ಲಾವ್ ರಿಕ್ಟರ್ ಕೊಟ್ಟ ಕಛೇರಿಯ ರೆಕಾರ್ಡಿಂಗ್ ಇದೆ. ಸಭೆಯ ಕೆಮ್ಮು ಎಲ್ಲ ಸೇರಿಕೊಂಡಿದೆ. ಧ್ವನಿಮುದ್ರಣದ ಗುಣ ಅಷ್ಟಕ್ಕಷ್ಟೆ. ಅದರಲ್ಲಿ ರಿಕ್ಟರ್ ನುಡಿಸಿದ ಫ್ಯೂ ಫೋಲೆಗೆ ತೂಕವೇ ಇಲ್ಲ. ಬೆರ್ಮನ್ನರದು ಅಷ್ಟೇ ಸ್ಪಷ್ಟ, ಆದರೆ ಪ್ರತಿ ಸ್ವರಕ್ಕೂ ಒಂದು ಮೈ ಇದೆ. ಕೊಳ್ಳಿದೆವ್ವಕ್ಕೆ ಮೈ ಇರಬಾರದು ಅಲ್ವಾ?

ಇನ್ನು ನಾಲ್ಕನೆಯದು, 'ಮಜೆಪ್ಪ'. ಬೆರ್ಮನ್ ಹೆಸರು ಕೇಳಿದ ಕೂಡಲೇ ನೆನಪಾಗುವ ಕೃತಿ. ವಿಕ್ಟರ್ ಹ್ಯೂಗೋನ ಕವನದಿಂದ ಬಂದ ಕತೆ. ಮಜೆಪ್ಪನನ್ನು ಬೆತ್ತಲೆಯಾಗಿ ಕಾಡುಕುದುರೆಯ ಬೆನ್ನಿಗೆ ಕಟ್ಟಿ ಓಡಿಸುತ್ತಾರೆ. ಕುದುರೆ ಬಯಲುಗಳನ್ನು ದಾಟಿ ಓಡಿ ಓಡಿ ಕೊನೆಗೆ ಬೀಳುತ್ತದೆ. ಸಾಯಬೇಕಾಗಿದ್ದವನು ಎದ್ದು ದೊರೆಯಾಗುತ್ತಾನೆ. ಲಿಸ್ಟ್ ಕೃತಿಯ ಕೊನೆಗೆ ಹ್ಯೂಗೋನ ಆ ಸಾಲನ್ನೇ ಬರೆದಿದ್ದಾನೆ.

ಪಿಯಾನೊಗೆ ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಸಂಗೀತ ಬರೆಯುತ್ತಾರೆ, ಕೈಗೊಂದು ಸಾಲು. ಇಲ್ಲಿ ಮೂರು ಸಾಲು. ಮೇಲೆ ಕೆಳಗೆ ಎರಡೂ ಕೈಗಳಲ್ಲಿ ಧಾಟಿಯ ದೊಡ್ಡ ಕಾರ್ಡ್‌ಗಳು. ನಡುವೆ ಕುದುರೆಯ ಓಟ. ಅದನ್ನು ನುಡಿಸಲು ಮೂರನೇ ಕೈ ಇಲ್ಲವಲ್ಲ! ಹಾಗಾಗಿ ಅವೇ ಎರಡು ಕೈ ಧಾಟಿಯ ಒಂದು ಕಾರ್ಡ್ ಒತ್ತಿ, ತಕ್ಷಣ ಮಧ್ಯಕ್ಕೆ ನೆಗೆದು, ಜೋಡಿ ಸ್ವರಗಳನ್ನು ಸರದಿಯ ಮೇಲೆ ನುಡಿಸಿ, ಮುಂದಿನ ಕಾರ್ಡ್‌ಗೆ ವಾಪಸ್ ಹಾರಬೇಕು. ಆ ಜೋಡಿಗಳಿಗೆ ಲಿಸ್ಟ್ ಕೊಟ್ಟಿರುವ ಬೆರಳು ಎರಡು ಮತ್ತು ನಾಲ್ಕು, ಪ್ರತಿ ಸಲವೂ ಅವೇ. ಬೆರಳು ಬದಲಾಯಿಸುತ್ತಾ ಹೋದರೆ ಸುಲಭವಾಗುತ್ತದೆ, ನಯವಾಗಿಯೂ ಬರುತ್ತದೆ. ಆದರೆ ಅವನಿಗೆ ನಯ ಬೇಡ. ಒಂದೇ ಬೆರಳ ಜೋಡಿ ಎತ್ತಿ ಎತ್ತಿ ಹಾಕಿದಾಗ ಬರುವ ಗೊರಸಿನ ಕುಲುಕು ಬೇಕು.

ಬೆರ್ಮನ್ನರಲ್ಲಿ ಆ ಕುಲುಕು ಕೇಳುತ್ತದೆ. ಅದರ ಮೇಲೆ ಧಾಟಿ ಅಲುಗದೆ ನಿಲ್ಲುತ್ತದೆ, ತುಂಬಿದ ಬಿಂದಿಗೆ ತಲೆಯ ಮೇಲಿಟ್ಟುಕೊಂಡು ಓಡುವವರ ಕತ್ತಿನ ಹಾಗೆ. ಮಧ್ಯದಲ್ಲಿ ಅದೇ ಧಾಟಿ ನಿಧಾನವಾಗಿ ಹಾಡಾಗುತ್ತದೆ. ಅಲ್ಲಿ 'ಹಾಡು ಭಾವ ತುಂಬಿ ಬರಲಿ' ಅಂತ ಲಿಸ್ಟ್ ಸೂಚನೆಯನ್ನೂ ಬರೆದಿದ್ದಾನೆ. ನಂತರ ಲಯ ಬದಲಾಗುತ್ತದೆ. ಒಂದೇ ಧಾಟಿ ಮೊಟಕಾಗುತ್ತಾ, ಇನ್ನೂ ಚುರುಕಾಗುತ್ತಾ ಹೋಗುತ್ತದೆ. ಒಂದೇ ಪಲ್ಲವಿಯನ್ನು ಬೇರೆ ಬೇರೆ ನಡೆಯಲ್ಲಿ ಕೇಳಿದ ನಿಮಗೆ ಈ ಆಟ ಹೊಸದಲ್ಲ. ಮೊದಲ ಸಲ ಕೇಳುವಾಗ ಬೇರೆಲ್ಲ ಬಿಟ್ಟು ಆ ಧಾಟಿ ಎಷ್ಟು ಸಲ ವೇಷ ಬದಲಿಸುತ್ತದೆ ಅಂತಷ್ಟೇ ನೋಡಿ.

ಈ ಕೃತಿಗೆ ಮಾತ್ರ 1959ರದ್ದು ಬೇಕು. ಆಗ ಬೆರ್ಮನ್ನರಿಗೆ 29 ವರ್ಷ. ಅದು ಮೊನೊ ರೆಕಾರ್ಡಿಂಗ್, ನಾದಕ್ಕೆ ಅಗಲ ಇಲ್ಲ, ಜೋರು ಜಾಗಗಳಲ್ಲಿ ಕಿವಿಗೆ ಸ್ವಲ್ಪ ಒರಟು. ಆದರೆ ಅಪಾಯಕ್ಕೆ ಹೆದರದೆ ನುಗ್ಗುವ ಒಂದು ಗುಣ ಇದೆ. 1963ರ ಹೊತ್ತಿಗೆ ಸ್ಟೀರಿಯೊ ಬಂದಿದೆ, ನುಡಿಸುವವರೂ ನಾಲ್ಕು ವರ್ಷ ಮಾಗಿದ್ದಾರೆ. ಮಟ್ಟಗಳು ಚೆನ್ನಾಗಿ ಬಿಡಿಬಿಡಿಯಾಗಿ ಕೇಳುತ್ತವೆ, ಮೆತ್ತಗಿನ ಜಾಗಗಳು ನಿಜಕ್ಕೂ ಮೆತ್ತಗಿವೆ. ಅದಕ್ಕೇ ಶುರುವಿಗೆ ಇದೇ ಸರಿ ಅಂದೆ. ಎರಡನ್ನೂ ಈಗ ಮೆಲೋಡಿಯಾ ಹೆಸರಲ್ಲಿ ಮಾರುತ್ತಾರೆ. ಆದರೆ ಸೋವಿಯತ್ ಸರ್ಕಾರದ ಆ ಕಂಪನಿ ಹುಟ್ಟಿದ್ದು 1964ರಲ್ಲಿ. ಮುಖಪುಟ ನೋಡಿ ಇಸವಿ ನಂಬಬೇಡಿ. ಹೊಸ ಸಿಡಿಗಳಲ್ಲಿ, ಸ್ಟ್ರೀಮಿಂಗ್‌ನಲ್ಲಿ ಇವೆರಡೂ ಎಷ್ಟೋ ಕಡೆ ಅದಲುಬದಲಾಗಿವೆ. ಇಯರ್‌ಫೋನ್ ಹಾಕಿ ಕೇಳಿ. ನಾದ ಎರಡು ಬದಿಗೆ ಹರಡಿದ್ದರೆ 63, ನಟ್ಟನಡುವೆ ಒಂದೇ ಕಡೆ ನಿಂತಿದ್ದರೆ 59. ಅಂದ ಹಾಗೆ, ಫೋನಿನ ಸ್ಪೀಕರಿನಲ್ಲಿ ಮಾತ್ರ ಇದನ್ನು ಕೇಳಬೇಡಿ. ಮಂದ್ರ ಪೂರ್ತಿ ಹೊರಟುಹೋಗುತ್ತದೆ, ಉಳಿಯುವುದು ಗದ್ದಲವೇ.

ಬೆರ್ಮನ್ ಯಾರು ಅಂತಲೂ ಒಂದೆರಡು ಮಾತು. ಹುಟ್ಟಿದ್ದು 1930ರಲ್ಲಿ, ಆಗಿನ ಲೆನಿನ್‌ಗ್ರಾಡ್‌ನಲ್ಲಿ. ತಾಯಿಯೂ ಪಿಯಾನೊ ನುಡಿಸುವವರು. ಮಾಸ್ಕೋದಲ್ಲಿ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಬಳಿ ಕಲಿತರು. 1956ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಐದನೇ ಬಹುಮಾನ ಬಂತು. ಆ ವರ್ಷ ಮೊದಲು ಬಂದದ್ದು ಅಶ್ಕೆನಾಜಿ. ಆಮೇಲೆ ಫ್ರೆಂಚ್ ಹೆಣ್ಣುಮಗಳನ್ನು ಮದುವೆಯಾದರು ಅನ್ನುವ ಕಾರಣಕ್ಕೆ ಸೋವಿಯತ್ ಅಧಿಕಾರಿಗಳು ಹೊರದೇಶಕ್ಕೆ ಬಿಡಲಿಲ್ಲ. ಅರವತ್ತರ ದಶಕ ಪೂರ್ತಿ ಹೀಗೇ ಹೋಯಿತು. ಈ ಎರಡು ರೆಕಾರ್ಡಿಂಗ್‌ಗಳೂ ಆ ಸುಮಾರಿನವು. ಪಶ್ಚಿಮದವರು ಬೆರ್ಮನ್ನರನ್ನು ಮೊದಲು ತಿಳಿದದ್ದು ಗ್ರಾಮಫೋನ್ ತಟ್ಟೆಗಳಿಂದಲೇ. 1975ರಲ್ಲಿ ವಾದ್ಯವೃಂದದ ನಿರ್ದೇಶಕ ಕರಾಯನ್ ಜೊತೆ ಬರ್ಲಿನ್‌ನಲ್ಲಿ ಚೈಕೋವ್‌ಸ್ಕಿಯ ಮೊದಲ ಪಿಯಾನೊ ಕನ್ಸರ್ಟೊ (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಧ್ವನಿಮುದ್ರಿಸಿದರು. 1976ರಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ 46ರ ಹೊಸ್ತಿಲಲ್ಲಿದ್ದರು. ಪ್ರಚಾರ ವಿಪರೀತವಾಯಿತು. ಅಷ್ಟೇ ಬೇಗ 'ಬೆರಳಿದೆ, ಆಳ ಇಲ್ಲ' ಅನ್ನುವ ವಿಮರ್ಶೆಯೂ ಬಂತು. ಕೊನೆಗೆ ಇಟಲಿಯಲ್ಲಿ ನೆಲೆಸಿ, 2005ರಲ್ಲಿ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು.

ಆ ಟೀಕೆಯಲ್ಲಿ ಹುರುಳೇ ಇಲ್ಲ ಅನ್ನಲಾರೆ. ಏಳನೆಯ 'ಎರೊಯಿಕಾ', ಎಂಟನೆಯ 'ವಿಲ್ಡ ಯಾಗ್ಟ್' ಎರಡರಲ್ಲೂ ಬೆರ್ಮನ್ ಶಕ್ತಿಯನ್ನೇ ನೆಚ್ಚಿಕೊಂಡಿದ್ದಾರೆ. ಎರಡೂ ಒಂದಾದ ಮೇಲೊಂದು ಬರುವುದರಿಂದ ಕಿವಿ ಸುಸ್ತಾಗುತ್ತದೆ. ಆದರೆ ಆಳ ಇಲ್ಲ ಅನ್ನುವವರು ಅವರು 1977ರಲ್ಲಿ ಮಾಡಿದ 'ಆನೆ ದ ಪೆಲರಿನಾಜ್' ಕೇಳಬೇಕು. ಲಿಸ್ಟ್‌ನ ಯಾತ್ರೆಯ ವರ್ಷಗಳು, ಮೂರು ಸಂಪುಟ ಪೂರ್ತಿ. ಮೂರನೇ ಸಂಪುಟದ ಮುದಿ ಲಿಸ್ಟ್‌ನ ಬರಡು, ಕಡಿಮೆ ಸ್ವರದ ಕೃತಿಗಳಲ್ಲಿ ಕಸರತ್ತಿಗೆ ಜಾಗವೇ ಇಲ್ಲ. ಅಲ್ಲೂ ಬೆರ್ಮನ್ ಹಿಡಿದು ಕೂರಿಸುತ್ತಾರೆ. ನನಗೆ ಅವರ ಎಲ್ಲ ರೆಕಾರ್ಡಿಂಗ್‌ಗಳಲ್ಲಿ ಅತಿ ಪ್ರಿಯವಾದದ್ದು ಅದು. ಆದರೆ ನೀವು ಕೇಳಿದ್ದು ಅದನ್ನಲ್ಲ.

ಗುರುಪರಂಪರೆಯ ಮಾತು ನಿಮಗೆ ಇಷ್ಟವಾಗಬಹುದು. ಗೋಲ್ಡನ್‌ವೈಸರ್ ಕಲಿತದ್ದು ಸಿಲೋಟಿ ಬಳಿ, ಸಿಲೋಟಿ ಲಿಸ್ಟ್‌ನ ಶಿಷ್ಯ. ಚಿಲಿ ದೇಶದ ಕ್ಲಾಡಿಯೊ ಅರಾವ್ ಕಲಿತದ್ದು ಮಾರ್ಟಿನ್ ಕ್ರೌಸ ಬಳಿ, ಅವನೂ ಲಿಸ್ಟ್‌ನ ಶಿಷ್ಯನೇ. ಈಗ ಅರಾವ್ ಎಪ್ಪತ್ತರ ಹರೆಯದಲ್ಲಿ ಮಾಡಿದ ಇದೇ 12 ಕೃತಿಗಳನ್ನು ಕೇಳಿ ನೋಡಿ. ನಿಧಾನ, ತೂಕ, ಪ್ರತಿ ಕಾರ್ಡ್‌ಗೂ ಯೋಚನೆ. ಒಂದೇ ಬೇರಿನ ಎರಡು ಕೊಂಬೆ ಅಂತ ಕೇಳಿ ಹೇಳಲು ಸಾಧ್ಯವೇ ಇಲ್ಲ. ರಿಕಾರ್ಡಾಂಜಾದಲ್ಲಿ ಅರಾವ್ ಬೆರ್ಮನ್ನರಿಗೆ ಸಮ. ಮಜೆಪ್ಪದಲ್ಲಿ ಕುದುರೆಗೆ ವಯಸ್ಸಾಗಿದೆ.

ಇನ್ನೊಂದು ತುದಿಯಲ್ಲಿ ಹಂಗೇರಿಯ ಜಾರ್ಜ್ ಜಿಫ್ರಾ. ತಂದೆ ಸಿಂಬಾಲಮ್ (ಸಂತೂರ್ ಥರದ ವಾದ್ಯ) ನುಡಿಸುತ್ತಿದ್ದ ರೋಮಾ ಜನಾಂಗದ ಕಲಾವಿದ. ಮಗ ಬಡತನದಲ್ಲಿ ಬೆಳೆದು, ಹುಡುಗನಾಗಿದ್ದಾಗ ಸರ್ಕಸ್ಸಿನಲ್ಲಿ ಜನ ಗುನುಗಿದ ಧಾಟಿ ಹಿಡಿದು ಆಶುವಾಗಿ ನುಡಿಸಿದವರು. 1950ರಲ್ಲಿ ದೇಶ ಬಿಟ್ಟು ಓಡಲು ಹೋಗಿ ಸಿಕ್ಕಿಬಿದ್ದರು. ಸೆರೆಯಲ್ಲಿ ಕಲ್ಲು ಹೊರಿಸಿದ್ದರಿಂದ ಮಣಿಕಟ್ಟು ಹಾಳಾಯಿತು, ಆಮೇಲೆ ಚರ್ಮದ ಪಟ್ಟಿ ಕಟ್ಟಿಕೊಂಡೇ ನುಡಿಸುತ್ತಿದ್ದರು. 1956ರಲ್ಲಿ ಪಾರಾಗಿ ಪ್ಯಾರಿಸ್ ಸೇರಿ, ಎರಡು ವರ್ಷದೊಳಗೆ ಈ ಕೃತಿಗಳನ್ನು ಧ್ವನಿಮುದ್ರಿಸಿದರು. ಅವರ ಲಯ ಹಿಗ್ಗುತ್ತದೆ, ಕುಗ್ಗುತ್ತದೆ, ಅಲ್ಲೇ ಹುಟ್ಟಿದ ಸಂಗೀತದ ಹಾಗೆ ಕೇಳುತ್ತದೆ. ಮನೋಧರ್ಮ ಬಲ್ಲ ನಿಮ್ಮ ಕಿವಿಗೆ ಕೊನೆಗೆ ಜಿಫ್ರಾ ಅವರೇ ಹತ್ತಿರವಾದರೆ ನನಗೆ ಆಶ್ಚರ್ಯವಿಲ್ಲ. ಆದರೆ ಅವರ ಸ್ವಾತಂತ್ರ್ಯ ಎಲ್ಲಿ, ಲಿಸ್ಟ್ ಬರೆದದ್ದು ಎಲ್ಲಿ ಅಂತ ತಿಳಿಯಬೇಕಾದರೆ ಮೊದಲು ಬೆರ್ಮನ್ ಕೇಳಿರಬೇಕು.

ಹೊಸಬರಲ್ಲಿ ದಕ್ಷಿಣ ಕೊರಿಯಾದ ಯುಂಚಾನ್ ಲಿಮ್ 2022ರಲ್ಲಿ, 18ನೇ ವಯಸ್ಸಿನಲ್ಲಿ, ಟೆಕ್ಸಸ್‌ನ ವ್ಯಾನ್ ಕ್ಲೈಬರ್ನ್ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ ಹನ್ನೆರಡನ್ನೂ ಒಂದೇ ಬೈಠಕ್ಕಿನಲ್ಲಿ ನುಡಿಸಿದ. ಅದರ ವಿಡಿಯೊ ಇದೆ. ಮಗಳಿಗೆ ಖಂಡಿತ ತೋರಿಸಿ. ಮಜೆಪ್ಪದಲ್ಲಿ ಕೈಗಳು ಮಧ್ಯಕ್ಕೆ ನೆಗೆಯುವುದನ್ನು ಕಣ್ಣಾರೆ ನೋಡಬಹುದು. ಬೆರ್ಮನ್ನರ ಈ ಎರಡು ರೆಕಾರ್ಡಿಂಗ್‌ಗಳಲ್ಲಿ ನಮಗೆ ಸಿಗುವುದು ಕಿವಿಯ ಸಾಕ್ಷಿ ಮಾತ್ರ.

ಕೊನೆಗೆ ಮಗಳ ವಿಚಾರ. ಇವನ್ನು ನುಡಿಸಬೇಕು ಅಂತ ಅವಳು ಹಟ ಮಾಡಬಹುದು. ಈಗಲೇ ಬೇಡ. ಕೈ ತಯಾರಾಗುವ ಮುಂಚೆ ಫ್ಯೂ ಫೋಲೆಗೆ ಕೈ ಹಾಕಿದರೆ ಮಣಿಕಟ್ಟಿಗೆ ಪೆಟ್ಟು. ಅದರ ಬದಲು 1826ರ ಅಭ್ಯಾಸಗಳ ಪುಸ್ತಕ ಕೊಡಿ. ಹಕ್ಕಿನ ಅವಧಿ ಮುಗಿದಿರುವುದರಿಂದ ಬರಹ ಪುಕ್ಕಟೆಯಾಗಿ ಸಿಗುತ್ತದೆ. ಅದರ ನಾಲ್ಕನೆಯದು ಮುಂದೆ ಮಜೆಪ್ಪ ಆಯಿತು, ಒಂಬತ್ತನೆಯದು ರಿಕಾರ್ಡಾಂಜಾ ಆಯಿತು. ಏಳನೆಯದು ಜಾಗ ಬದಲಿಸಿ ಹನ್ನೊಂದನೆಯ ಸಂಜೆಯ ಸಂಗೀತವಾಯಿತು. ಪಿಯಾನೊ ವಾದಕ ಲೆಸ್ಲಿ ಹೊವರ್ಡ್ ಮೂರೂ ರೂಪಗಳನ್ನು ಧ್ವನಿಮುದ್ರಿಸಿದ್ದಾರೆ, ಹೋಲಿಸಿ ಕೇಳಬಹುದು. ಚೆರ್ನಿ ಮುಗಿಯುತ್ತಾ ಬಂದಾಗ ಒಂಬತ್ತನೆಯದರಿಂದ ಶುರು ಮಾಡಬಹುದಾ ಅಂತ ಮೇಷ್ಟ್ರನ್ನು ಕೇಳಿ.